ಪ್ರಭುಲಿಂಗನ ತಿಂಗಳ ಗುಟುಕು

ಐದನೇ ತಾರೀಖು ಬೆಳಗ್ಗೆ ಫ್ರಿಜ್ಜಿನ ಮೇಲಿಟ್ಟಿದ್ದ ಫೋನು ‘ಟಿಣ್’ ಎಂದಾಗ ಪ್ರಭುಲಿಂಗ ಬಚ್ಚಲಲ್ಲಿ ತಲೆತುಂಬ ಸೋಪು ಹಚ್ಚಿಕೊಂಡು ನಿಂತಿದ್ದ. ಬೇರೆ ತಿಂಗಳುಗಳಲ್ಲಿ ಐದನೇ ತಾರೀಖು ಬಂತೆಂದರೆ ಅವನು ಫೋನನ್ನು ಎಳೆಗೂಸಿನ ಹಾಗೆ ಕಂಕುಳಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಆವತ್ತು ಬಸ್ಸಿಗೆ ತಡವಾಗಿತ್ತು, ಮರೆತ. ಅಷ್ಟೇ ಅವನು ಮಾಡಿದ ತಪ್ಪು.

ಪ್ರಭುಲಿಂಗನ ಮನೆ ಹೊಸದುರ್ಗದಲ್ಲಿ, ಕೆಲಸ ಶ್ರೀರಾಂಪುರದ ಪಶು ಆಸ್ಪತ್ರೆಯಲ್ಲಿ. ಹುದ್ದೆಯ ಹೆಸರು ಪಶು ಪರೀಕ್ಷಕ ಎಂದಿದ್ದರೂ ಸುತ್ತಲ ಹಳ್ಳಿಯವರಿಗೆ ಅವನು ಕುರಿ ಡಾಕ್ಟ್ರು. ಕೆಲಸದಲ್ಲಿ ಚುರುಕು, ಸ್ವಭಾವದಲ್ಲಿ ಸಾಧು. ಹೋರಿಗೆ ಸೂಜಿ ಚುಚ್ಚಲು ಹೆದರದವನು ಮನೆಯಲ್ಲಿ ಉಪ್ಪು ಕಡಿಮೆಯಾಗಿದೆ ಎನ್ನಲು ಹೆದರುತ್ತಿದ್ದ. ಹಳೇ ಪಿಂಚಣಿ ಪದ್ಧತಿ ಮುಗಿದ ಮೇಲೆ ನೌಕರಿಗೆ ಸೇರಿದವನಾದ್ದರಿಂದ, ಅರವತ್ತು ತುಂಬಿದ ಮಾರನೇ ದಿನ ಗಂಜಿಗೆ ಏನು ದಾರಿ ಎಂಬ ಚಿಂತೆ ಅವನನ್ನು ನಲವತ್ತರಲ್ಲೇ ಹಿಡಿದಿತ್ತು.

ಆರು ವರ್ಷದ ಹಿಂದೆ ಚಿತ್ರದುರ್ಗದ ಚೇತನ್‌ಕುಮಾರ್ ಎಂಬ ಏಜೆಂಟು ಆ ಚಿಂತೆಗೆ ಮದ್ದು ಹೇಳಿದ್ದ. “ತಿಂಗಳಿಗೆ ಇಷ್ಟು ಅಂತ ಮ್ಯೂಚುಯಲ್ ಫಂಡಿಗೆ ಹಾಕ್ತಾ ಹೋಗ್ರಿ ಸಾರ್. ಎಸ್‌ಐಪಿ ಅಂತಾರೆ. ದುಡ್ಡು ಬ್ಯಾಂಕಿನಿಂದ ತಾನೇ ಹೋಗ್ತೈತೆ. ನೀವು ಹಾಕಿ ಮರ್ತುಬಿಡ್ರಿ, ರಿಟೈರ್ ಆದ ದಿನ ನೆನಪು ಮಾಡ್ಕಳ್ರಿ.”

ಪ್ರಭುಲಿಂಗ ಹಾಕಿದ, ಆದರೆ ಮರೆಯಲಾಗಲಿಲ್ಲ. ದಿನಾ ಬೆಳಗ್ಗೆ ಬಚ್ಚಲಿಗೆ ಫೋನು ತೆಗೆದುಕೊಂಡು ಹೋಗಿ ನೋಡುತ್ತಿದ್ದ. ಅಂಕಿ ಹಸಿರಾಗಿದ್ದರೆ ಶಿಳ್ಳೆ ಹಾಕುತ್ತ ಹೊರಗೆ ಬರುತ್ತಿದ್ದ. ಕೆಂಪಾಗಿದ್ದರೆ ನೀರು ಕಾಣದ ಮೆಣಸಿನ ಗಿಡದ ಹಾಗೆ ಜೋತುಬಿದ್ದು ಬರುತ್ತಿದ್ದ.

ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಹೇಳದಿರಲು ಕಾರಣವಿತ್ತು. ಹಿಂದೊಮ್ಮೆ ಅವನು ಕೂಡಿಟ್ಟ ಹಣ ಬಾಮೈದ ಓಬಣ್ಣನ ಕೈಗೆ ಹೋಗಿತ್ತು. ಓಬಣ್ಣ ಯಲ್ಲದಕೆರೆಯವನು, ಕುರಿ ಸಾಕುವವನು. “ಬ್ಯಾಂಕು ವರ್ಷಕ್ಕೊಂದ್ಸಲ ಬಡ್ಡಿ ಕೊಡ್ತೈತೆ ಭಾವ, ಕುರಿ ವರ್ಷಕ್ಕೆರಡು ಸಲ ಮರಿ ಕೊಡ್ತೈತೆ,” ಎಂದು ಹೇಳಿ ಒಯ್ದಿದ್ದ. ಆಮೇಲೆ ಪ್ರಭುಲಿಂಗ ಯಾವಾಗ ಕೇಳಿದರೂ “ಮೇಯ್ತಾ ಅವೆ ಭಾವ” ಎಂದಷ್ಟೇ ಉತ್ತರ. ಆ ಕುರಿಗಳು ಇವತ್ತಿಗೂ ಎಲ್ಲೋ ಮೇಯುತ್ತಲೇ ಇವೆ. ಎರಡನೇ ಸಲದ ಉಳಿತಾಯವನ್ನು ಹೆಂಡತಿ ಜಯಶೀಲಾ ಮನೆಯ ಮುಂದೆ ಕಮಾನು ಕಟ್ಟಿಸಲು ಬಳಸಿದಳು. ಕಮಾನು ಭರ್ಜರಿಯಾಗಿ ಎದ್ದಿತು. ಅದರ ಹಿಂದಿರುವ ಮನೆಯೇ ಕಾಂಪೌಂಡಿನ ವಾಚ್‌ಮನ್ ಕೋಣೆಯ ಹಾಗೆ ಕಾಣತೊಡಗಿತು. ಮೂರನೇ ಸಲ ಪ್ರಭುಲಿಂಗ ಬಾಯಿ ಹೊಲಿದುಕೊಂಡ.

ಆ ಹೊಲಿಗೆ ಬಿಚ್ಚಿದ್ದು ಈ ‘ಟಿಣ್’.

ಫೋನು ಕೈಗೆತ್ತಿಕೊಂಡ ಜಯಶೀಲಾ, ಐದು ಸಾವಿರ ರೂಪಾಯಿ ಖಾತೆಯಿಂದ ಹೋಯಿತೆಂಬುದನ್ನು ಸರಿಯಾಗಿಯೇ ಓದಿದಳು. ಎಲ್ಲಿಗೆ ಹೋಯಿತೆಂಬ ಕಡೆ ಇಂಗ್ಲಿಷಿನ ತುಂಡಕ್ಷರಗಳಿದ್ದವು. ಮೊಸರಿಗೆ ಹೆಪ್ಪು ಕೇಳಲು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹೇಮಾವತಿ, ಕಾನ್ವೆಂಟೊಂದರಲ್ಲಿ ಇಂಗ್ಲಿಷ್ ಮಿಸ್. ಫೋನು ಅವಳ ಕೈಗೆ ಹೋಯಿತು.

“ಎಸ್, ಐ, ಪಿ. ಸಿಪ್,” ಎಂದು ಹೇಮಾವತಿ ಓದಿದಳು. “ಸಿಪ್ ಅಂದ್ರೆ ಗುಟುಕು, ಜಯಕ್ಕ. ಒಂದೊಂದೇ ಗುಟುಕು ಕುಡಿಯೋದು. ಮೂರನೇ ಕ್ಲಾಸಿನ ಪಾಠದಾಗೇ ಐತೆ.”

“ಏನು ಕುಡಿಯೋದು?”

“ಐದು ಸಾವಿರದ್ದು ಕಾಫಿ ಕುಡೀತಾರಾ ಯಾರಾದ್ರೂ?”

ಜಯಶೀಲಾ ಫೋನಿನತ್ತ ಬಗ್ಗಿದಳು. “ಅದರ ಮುಂದೆ ಎಂ.ಎಫ್ ಅಂತ ಐತಲ್ಲ, ಅದೇನು?”

ಹೇಮಾವತಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಗೊತ್ತಿಲ್ಲ ಎನ್ನುವ ಮಾತು ಅವಳ ಸರ್ವೀಸಿನಲ್ಲೇ ಬಾಯಿಂದ ಬಿದ್ದಿರಲಿಲ್ಲ. “ಎಂ ಅಂದ್ರೆ ಮಿಲಿಟ್ರಿ. ಎಫ್ ಅಂದ್ರೆ ಫಾರಿನ್.”

ಜಯಶೀಲಾ ಹೆಪ್ಪಿನ ಬಟ್ಟಲನ್ನು ಕೆಳಗಿಟ್ಟಳು. ಬಚ್ಚಲಿಗೆ ಫೋನು ಒಯ್ಯುವ ಗಂಡ, ಒಂದು ದಿನ ಶಿಳ್ಳೆ, ಒಂದು ದಿನ ಸುಸ್ತು, ತನ್ನಷ್ಟಕ್ಕೆ “ಇವತ್ತು ಸ್ವಲ್ಪ ಏರೈತೆ” ಎನ್ನುವ ಗೊಣಗು, ಎಲ್ಲವೂ ಒಂದೇ ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ನಿಂತವು.

“ಈಗ ಕೇಳಬ್ಯಾಡ,” ಎಂದಳು ಹೇಮಾವತಿ. “ಕುಡಿಯೋರನ್ನ ಕೇಳಿದ್ರೆ ಇಲ್ಲ ಅಂತಾರೆ. ಮೊದಲು ಸಾಕ್ಷಿ ಬೇಕು.”

ಪ್ರಭುಲಿಂಗ ತಿಂಡಿಗೆ ಕೂತಾಗ ಹೆಂಡತಿ ಚಟ್ನಿ ಬಡಿಸುವ ನೆಪದಲ್ಲಿ ಅವನ ಮುಖದ ಹತ್ತಿರಕ್ಕೆ ಮೂಗು ತಂದು ಉಸಿರೆಳೆದಳು. ಇಷ್ಟು ಹತ್ತಿರ ಬಂದು ಎಷ್ಟು ವರ್ಷವಾಗಿತ್ತೋ! ಅವನು ನಾಚಿಕೊಂಡು ಇನ್ನೊಂದು ದೋಸೆ ಹಾಕಿಸಿಕೊಂಡ. ಫೋನು ಜೇಬಿಗಿಳಿಸಿ, ಬಸ್‌ಸ್ಟ್ಯಾಂಡಿನವರೆಗೂ ನಗುತ್ತಲೇ ಹೋದ.

ಬಸ್ಸು ಶ್ರೀರಾಂಪುರ ಮುಟ್ಟುವ ಮುಂಚೆ ಜಯಶೀಲಾಳ ಕರೆ ಆಸ್ಪತ್ರೆಯ ಅಟೆಂಡರ್ ಯತ್ತಪ್ಪನನ್ನು ಮುಟ್ಟಿತ್ತು. ಯತ್ತಪ್ಪ ಒಳ್ಳೆಯವನೇ. ಊರಿನ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅವನಿಗೆ ಅಜೀರ್ಣವಾಗುತ್ತಿತ್ತು, ಅಷ್ಟೇ.

“ಅಕ್ಕಾ, ನಾನಾಗಿ ಹೇಳಬಾರ್ದು ಅಂತಿದ್ದೆ,” ಎಂದು ದನಿ ತಗ್ಗಿಸಿದ. “ಹೋದ ವಾರ ಸಾರು ದನದ ಕೊಟ್ಟಿಗೆ ಹಿಂದೆ ನಿಂತ್ಕಂಡು ಯಾರಿಗೋ ಫೋನ್ ಮಾಡ್ತಿದ್ರು. ‘ಸ್ಮಾಲ್ ಜಾಸ್ತಿ ಆಗೈತೆ, ಇನ್ನು ಲಾರ್ಜ್ ಹಾಕು’ ಅಂದ್ರು. ಆಮೇಲೆ, ‘ಒಂಚೂರು ಲಿಕ್ವಿಡ್ಡೂ ಇರ್ಲಿ, ಯಾವಾಗ ಬೇಕಾಗ್ತೈತೋ’ ಅಂದ್ರು.”

“ಇನ್ನೇನಂದ್ರು?”

“‘ನಿನ್ನೆ ಪೂರ್ತಿ ಇಳಿದುಬಿಟ್ಟಿತ್ತು, ನಿದ್ದೆನೇ ಬರ್ಲಿಲ್ಲ’ ಅಂದ್ರು.”

ಸಣ್ಣ ಕಂಪನಿಗಳ ಷೇರಿನ ಫಂಡಿಗೆ ಸ್ಮಾಲ್ ಎಂತಲೂ, ದೊಡ್ಡ ಕಂಪನಿಗಳದ್ದಕ್ಕೆ ಲಾರ್ಜ್ ಎಂತಲೂ, ಬೇಕೆಂದಾಗ ಕೈಗೆ ಸಿಗುವ ಹಣದ ಫಂಡಿಗೆ ಲಿಕ್ವಿಡ್ ಎಂತಲೂ ಹೆಸರಿಟ್ಟವರು ಯಾರೋ ಪುಣ್ಯಾತ್ಮರು. ಅವರಿಗೆ ಯತ್ತಪ್ಪನ ಪರಿಚಯವಿರಲಿಲ್ಲ. ಜಯಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮ ಓಬಣ್ಣನಿಗೆ ಫೋನು ಹಚ್ಚಿದಳು.

ಆಸ್ಪತ್ರೆಗೆ ಬಂದ ಪ್ರಭುಲಿಂಗನಿಗೆ ಯತ್ತಪ್ಪ ಬಾಗಿಲಲ್ಲೇ ದೊಡ್ಡ ಲೋಟದಲ್ಲಿ ನಿಂಬೆಹಣ್ಣು ಹಿಂಡಿದ ಮಜ್ಜಿಗೆ ಕೊಟ್ಟ. “ಕುಡೀರಿ ಸಾರ್, ಇಳೀತೈತೆ.”

“ಏನು ಇಳೀತೈತೆ?”

“ಉಷ್ಣ,” ಎಂದು ಯತ್ತಪ್ಪ ಬೇರೆ ಕಡೆ ನೋಡಿದ.

ಮಜ್ಜಿಗೆ ಚೆನ್ನಾಗಿತ್ತು. ಪ್ರಭುಲಿಂಗ ಕುಡಿದ. ಅಷ್ಟರಲ್ಲಿ ಒಬ್ಬ ರೈತ ಕುಂಟುವ ಟಗರೊಂದನ್ನು ಎಳೆದುಕೊಂಡು ಬಂದ. ಪ್ರಭುಲಿಂಗ ಸೂಜಿಗೆ ಮದ್ದು ತುಂಬುವಾಗ ಯತ್ತಪ್ಪ ಹಿಂದಿನಿಂದ ಬಂದು ಅವನ ಮುಂಗೈಯನ್ನು ಭದ್ರವಾಗಿ ಹಿಡಿದುಕೊಂಡ.

“ಇದ್ಯಾಕಪ್ಪ?”

“ಕೈ ನಡುಗಿದ್ರೆ ಅಂತ ಸಾರ್.”

“ಯಾಕೆ ನಡುಗ್ತೈತೆ?”

“ಬೆಳಗ್ಗೆ ಬೆಳಗ್ಗೆ ಕೆಲವ್ರಿಗೆ ನಡುಗ್ತೈತಂತೆ.”

ಸೂಜಿ ಚುಚ್ಚುವ ಜಾಗಕ್ಕೆ ಒರೆಸಲು ಪ್ರಭುಲಿಂಗ ಸ್ಪಿರಿಟ್ಟಿನ ಹತ್ತಿ ತೆಗೆದ. ವಾಸನೆ ಘಮ್ಮೆಂದಿತು. ರೈತ ಯತ್ತಪ್ಪನ ಮುಖ ನೋಡಿದ, ಯತ್ತಪ್ಪ ರೈತನ ಮುಖ ನೋಡಿದ, ಟಗರು ಇಬ್ಬರ ಮುಖವನ್ನೂ ನೋಡಿತು. ಟಗರಿಗೆ ಸೂಜಿ ಹಾಕಿಸಿದ ಮೇಲೆ ರೈತ ಹೋಗುತ್ತ, “ಒಳ್ಳೆ ಮನುಷ್ಯ, ಪಾಪ,” ಎಂದು ನಿಟ್ಟುಸಿರು ಬಿಟ್ಟ. ತನ್ನ ಬಗ್ಗೆ ಹೇಳಿದನೋ, ಟಗರನ್ನೇ ಮನುಷ್ಯ ಎಂದನೋ ಪ್ರಭುಲಿಂಗನಿಗೆ ತಿಳಿಯಲಿಲ್ಲ.

ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ಮುಂದೆ ಒಂದು ಬಾಡಿಗೆ ಜೀಪು ಬಂದು ನಿಂತಿತು. ಓಬಣ್ಣ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಳ್ಳುತ್ತ ಇಳಿದ.

“ಭಾವ, ರಾಮಗಿರಿ ಕಡೆ ಮೇಯೋಕೆ ಬಿಟ್ಟಿದ್ದ ಕುರಿಗೆ ಏನೋ ಆಗೈತೆ. ಬಾಯಿಂದ ನೊರೆ ಬರ್ತೈತೆ. ಒಂದು ಗಳಿಗೆ ಬಂದು ನೋಡ್ರಿ.”

ಪ್ರಭುಲಿಂಗನಿಗೆ ಒಳಗೊಳಗೇ ಆಸೆ ಚಿಗುರಿತು. ಅಂದರೆ ಆ ಕುರಿಗಳು ನಿಜವಾಗಿಯೂ ಇವೆ! ಮೇಲಧಿಕಾರಿಗೆ ಫೋನು ಮಾಡಿ ಹೇಳಿ, ಮದ್ದಿನ ಪೆಟ್ಟಿಗೆ ಎತ್ತಿಕೊಂಡು ಬಂದರೆ ಜೀಪಿನ ಮುಂದಿನ ಸೀಟಿನಲ್ಲಿ ಹೆಂಡತಿ, ಅವಳ ಪಕ್ಕ ಹೇಮಾವತಿ.

“ನೀವೆಲ್ಲಿಗೆ?”

“ಮಿಸ್ಸಿಗೆ ರಾಮಗಿರಿ ಬೆಟ್ಟ ನೋಡಬೇಕಂತೆ,” ಎಂದಳು ಜಯಶೀಲಾ, ಅವನ ಕಡೆ ತಿರುಗದೆ.

“ಸ್ಕೂಲಿಗೆ ಅರ್ಧ ದಿನ ರಜೆ ಹಾಕೀನಿ,” ಎಂದಳು ಹೇಮಾವತಿ. ಅರ್ಧ ದಿನದ ರಜೆ ಹಾಕಿ ಬೆಟ್ಟ ನೋಡುವವರ ಮುಖದಲ್ಲಿ ಇಷ್ಟು ದುಃಖ ಇರುತ್ತದೆಂದು ಪ್ರಭುಲಿಂಗನಿಗೆ ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಓಬಣ್ಣ ವಿಚಿತ್ರವಾಗಿ ನಡೆದುಕೊಂಡ. ಬಾರು, ವೈನ್‌ಶಾಪು ಯಾವುದು ಕಂಡರೂ ಟವಲ್ಲು ಬಿಚ್ಚಿ ಪ್ರಭುಲಿಂಗನ ಮುಖದ ಪಕ್ಕ ಅಡ್ಡ ಹಿಡಿಯುತ್ತಿದ್ದ. “ಬಿಸ್ಲು ಭಾವ, ಬಿಸ್ಲು.” ಬಿಸಿಲು ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಹೊಳಲ್ಕೆರೆ ದಾಟುವಷ್ಟರಲ್ಲಿ ಓಬಣ್ಣನ ತೋಳು ಸೋತು ಹೋಗಿತ್ತು. ನಮ್ಮ ಕಡೆ ಇಷ್ಟೊಂದು ಅಂಗಡಿಗಳಿವೆಯೆಂದು ಅವನಿಗೂ ಆವತ್ತೇ ತಿಳಿದದ್ದು.

ಜೀಪು ನಿಂತದ್ದು ಕುರಿಹಟ್ಟಿಯ ಮುಂದಲ್ಲ, ರಾಮಗಿರಿಯ ಒಂದು ಸಮುದಾಯ ಭವನದ ಮುಂದೆ. ಬಾಗಿಲಿಗೆ ಮಾವಿನ ತೋರಣ, ಒಳಗೆ ಮೈಕಿನ ಸದ್ದು, ಹೊರಗೆ ದೊಡ್ಡ ಬ್ಯಾನರು. ಬ್ಯಾನರನ್ನು ಗಾಳಿ ಮಡಚಿ ಹಾಕಿದ್ದರಿಂದ ಪ್ರಭುಲಿಂಗನಿಗೆ ಕಂಡದ್ದು ‘ಶಿಬಿರಕ್ಕೆ ಸುಸ್ವಾಗತ’ ಎಂಬಷ್ಟೇ. ಒಳಗಿನಿಂದ ಬಂದ ಒಬ್ಬ ಹಿರಿಯರು ಕೈ ಮುಗಿದು, “ಬರ್ರಿ ಬರ್ರಿ, ನಿಮ್ಮನ್ನೇ ಕಾಯ್ತಿದ್ವಿ,” ಎಂದರು.

ಓಹೋ, ಇದು ಪಶು ಆರೋಗ್ಯ ಶಿಬಿರ; ನನ್ನನ್ನು ಭಾಷಣಕ್ಕೆ ಕರೆದಿದ್ದಾರೆ; ಮನೆಯವರಿಗೆ ಮೊದಲೇ ಗೊತ್ತಿದ್ದು ಅಚ್ಚರಿಯಾಗಲಿ ಎಂದು ಹೇಳಿಲ್ಲ. ಪ್ರಭುಲಿಂಗ ಒಂದೇ ಉಸಿರಿಗೆ ಎಲ್ಲವನ್ನೂ ಅರ್ಥ ಮಾಡಿಕೊಂಡು, ಕಾಲರ್ ಸರಿಮಾಡಿಕೊಂಡು, ನೇರವಾಗಿ ವೇದಿಕೆ ಹತ್ತಿ ನಡುವಿನ ಕುರ್ಚಿಯಲ್ಲಿ ಕೂತ. ಕೆಳಗೆ ಚಾಪೆಗಳ ಮೇಲೆ ಬಿಳಿ ಪಂಚೆ ಬನಿಯನ್ನು ಹಾಕಿಕೊಂಡ ಮೂವತ್ತು ನಲವತ್ತು ಜನ ಕೂತಿದ್ದರು. ಪಶುಪಾಲಕರಲ್ಲಿ ಇಷ್ಟು ಶಿಸ್ತು ಅವನು ಕಂಡಿರಲಿಲ್ಲ. “ಆತ್ಮೀಯ ರೈತ ಬಾಂಧವರೇ, ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಜಂತುಹುಳುವಿನ ಔಷಧಿ ಕುಡಿಸತಕ್ಕದ್ದು,” ಎಂದು ಶುರುಮಾಡಿಯೂ ಬಿಟ್ಟ.

“ನಮಗೂ ಕುಡಿಸ್ತೀರಾ?” ಎಂದು ಚಾಪೆಯಿಂದ ಒಬ್ಬ ಆತಂಕದಲ್ಲಿ ಕೇಳಿದ.

ಆ ಹಿರಿಯರು ಮೆಲ್ಲಗೆ ವೇದಿಕೆಗೆ ಬಂದು ಅವನ ತೋಳು ಹಿಡಿದರು. “ನಿಮ್ಮ ಜಾಗ ಕೆಳಗೈತೆ. ಕುಂತ್ಕಳ್ರಿ. ಮೊದಲ ದಿನ ಎಲ್ರಿಗೂ ಹಿಂಗೇ, ತಾವೇ ಮುಖ್ಯ ಅತಿಥಿ ಅನ್ನಿಸ್ತೈತೆ.”

ಅವರು ತಿಪ್ಪಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಊರೂರಿಗೆ ಹೋಗಿ ಕುಡಿತ ಬಿಡಿಸುವ ಶಿಬಿರ ನಡೆಸುತ್ತಿದ್ದವರು. ದನಿ ತಣ್ಣಗೆ, ಹಿಡಿತ ಮಾತ್ರ ಕಬ್ಬಿಣ. ಗಾಳಿ ನಿಂತು ಬ್ಯಾನರು ಬಿಚ್ಚಿಕೊಂಡಿತು. ‘ಮದ್ಯವರ್ಜನ’ ಎಂಬ ಉಳಿದರ್ಧ ಪ್ರಭುಲಿಂಗನಿಗೆ ಕಿಟಕಿಯಿಂದ ಕಂಡಿತು.

“ಇದೇನ್ರಿ ಇದು? ಕುರಿ ಎಲ್ಲಿ?”

“ಕುರಿ ಸುದ್ದಿ ಬಿಡ್ರಿ,” ಎಂದಳು ಜಯಶೀಲಾ. ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಗೇ ಕಿತ್ತುಕೊಂಡು ಬಂತು. “ತಿಂಗಳಿಗೆ ಐದು ಸಾವಿರ! ನಾನು ಸೊಪ್ಪಿನೋಳತ್ರ ಐದು ರೂಪಾಯಿಗೆ ಜಗಳ ಆಡ್ತೀನಿ, ನೀವು ಐದು ಸಾವಿರದ್ದು ಗುಟುಕು ಹಾಕ್ತೀರಾ? ನನ್ನ ಕಣ್ಣಾರೆ ಓದೀನಿ. ಸಿಪ್ ಅಂತ ಬಂದೈತೆ!”

ಪ್ರಭುಲಿಂಗನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ನಗು ಉಕ್ಕಿತು. ಮಜ್ಜಿಗೆ, ಮುಂಗೈ, ಟವಲ್ಲು, ಎಲ್ಲದರ ಗಂಟೂ ಬಿಚ್ಚಿತು. ಫೋನು ತೋರಿಸಿದರೆ ಮುಗಿಯಿತು. ಅವನ ಕೈ ಜೇಬಿಗೆ ಹೋಯಿತು. ಬೆರಳಿಗೆ ಫೋನು ತಾಗಿತು.

ಅಷ್ಟರಲ್ಲಿ ಓಬಣ್ಣ ಚಾಪೆಯ ಮೇಲೆ ಕುಕ್ಕರಿಸಿ ತಲೆ ಚಚ್ಚಿಕೊಂಡ. “ಎಷ್ಟು ವರ್ಷದ ದುಡ್ಡು ಭಾವ! ಮೊನ್ನೆ ತಾನೇ ಒಂದು ಹಿಂಡು ಮಾರಾಟಕ್ಕೈತೆ ಅಂತ ಗೊತ್ತಾಗಿ, ದುಡ್ಡಿಲ್ದೆ ಸುಮ್ನೆ ಬಂದೆ. ನೀವು ಆ ದುಡ್ಡು ಕೂಡಿಟ್ಟಿದ್ರೆ ಇವತ್ತು ನಿಮ್ಮನ್ನ ಕೇಳ್ತಲೂ ಇರ್ಲಿಲ್ಲ, ತಗಂಡೇ ಹೋಗ್ತಿದ್ದೆ!”

ಜೇಬಿನಲ್ಲಿದ್ದ ಕೈ ಅಲ್ಲೇ ನಿಂತಿತು.

“ಮ್ಯಾಲೆ ಒಂದು ಅಂತಸ್ತು ಏಳ್ತಿತ್ತು,” ಎಂದು ಜಯಶೀಲಾ ಬಿಕ್ಕಿದಳು. “ಆ ಕಮಾನು ಮನೆಗಿಂತ ಎತ್ತರ ಆಗೈತೆ ಅಂತ ಊರೆಲ್ಲ ಆಡ್ಕಂತೈತೆ. ಮ್ಯಾಲೊಂದು ಕಟ್ಟಿಸಿದ್ರೆ ಸರಿ ಹೋಗ್ತಿತ್ತು.”

“ನನ್ನ ಚೀಟಿಗೂ ಒಬ್ರು ಮೆಂಬರ್ ಕಡಿಮೆ ಇದ್ರು,” ಎಂದಳು ಹೇಮಾವತಿ, ಕಣ್ಣೊರೆಸಿಕೊಳ್ಳುತ್ತ.

ಪ್ರಭುಲಿಂಗ ಮೂವರನ್ನೂ ನೋಡಿದ. ಮೂವರ ದುಃಖವೂ ಪ್ರಾಮಾಣಿಕವಾಗಿತ್ತು. ಇಲ್ಲದ ಹಣವನ್ನೇ ಇಷ್ಟು ಬೇಗ ಹಂಚಿಕೊಂಡವರು, ಇದೆಯೆಂದು ಗೊತ್ತಾದರೆ ಸಂಜೆಯವರೆಗೆ ತಡೆಯುತ್ತಾರೆಯೇ? ಅವನ ಕಣ್ಣ ಮುಂದೆ ಆರು ವರ್ಷದ ಐದನೇ ತಾರೀಖುಗಳೆಲ್ಲ ಕುರಿಗಳಾಗಿ, ಸಾಲಾಗಿ, ಯಾವುದೋ ಗುಡ್ಡದ ಹಿಂದೆ ಮೇಯಲು ಹೊರಟು ಹೋದವು. ಮರ್ಯಾದೆ ಇವತ್ತು ಹೋದರೆ ನಾಳೆ ಬರುತ್ತದೆ. ದುಡ್ಡು?

ಕೈ ಖಾಲಿಯಾಗಿಯೇ ಹೊರಗೆ ಬಂತು.

“ಹೌದು,” ಎಂದ ಪ್ರಭುಲಿಂಗ. “ಕುಡೀತೀನಿ.”

ಚಾಪೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ತಪ್ಪು ಒಪ್ಪಿಕೊಂಡವರಿಗೆ ಚಪ್ಪಾಳೆ ತಟ್ಟಬೇಕೆಂದು ಮೇಷ್ಟ್ರು ಕಲಿಸಿದ್ದರು.

“ಯಾವ ಮಾಲು?” ಎಂದು ಮೇಷ್ಟ್ರು ಪೆನ್ನು ತೆಗೆದರು.

ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದ ಪ್ರಭುಲಿಂಗನಿಗೆ ಒಂದು ಹೆಸರೂ ಹೊಳೆಯಲಿಲ್ಲ. ಹಾಲು ಕಡಿಮೆಯಾದ ಎಮ್ಮೆಗಳಿಗೆ ಬರೆದುಕೊಡುವ ಟಾನಿಕ್ಕೊಂದು ನಾಲಗೆಗೆ ಬಂತು. “ಕಾಮಧೇನು ಸ್ಟ್ರಾಂಗ್.”

ಹಳೇ ಅನುಭವಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. “ನಾವು ಕೇಳೇ ಇಲ್ಲವಲ್ಲಪ್ಪ,” ಎಂದ ಒಬ್ಬ. “ಅದು ಆಫೀಸರ್‌ಗಳು ಕುಡಿಯೋದು ಇರಬೇಕು,” ಎಂದ ಇನ್ನೊಬ್ಬ. ಅವನಿಗೆ ಚಾಪೆಯಲ್ಲಿ ಗೌರವದಿಂದ ಜಾಗ ಬಿಟ್ಟರು.

“ಎಷ್ಟು ಕುಡೀತಿದ್ರಿ?”

“ಬೆಳಗ್ಗೆ ಐವತ್ತು ಮಿಲಿ, ಸಂಜೆ ಐವತ್ತು ಮಿಲಿ. ಹಿಂಡಿಯಲ್ಲಿ ಕಲಸಿ...” ಎಂದವನು ನಾಲಗೆ ಕಚ್ಚಿಕೊಂಡ. ಮೇಷ್ಟ್ರು ಮರುಕದಿಂದ ತಲೆಯಲ್ಲಾಡಿಸಿದರು. ಇಂಥ ತೀವ್ರ ಸ್ಥಿತಿಯವರನ್ನು ಅವರೂ ಕಂಡಿರಲಿಲ್ಲ.

ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದರು. “ಮನೆದೇವ್ರನ್ನ ನೆನಸ್ಕಂಡು ಹೇಳ್ರಿ. ನಿಜ ಹೇಳಿದ್ರೆ ಅರ್ಧ ಕಾಯಿಲೆ ಇಲ್ಲೇ ಹೋಗ್ತೈತೆ.”

ಪ್ರಭುಲಿಂಗನ ಕೈ ಈಗ ನಿಜವಾಗಿಯೂ ನಡುಗಿತು. ‘ಸ್ವಾಮೀ, ಹೊಟ್ಟೆಪಾಡು, ತಪ್ಪು ತಿಳೀಬೇಡ. ರಿಟೈರ್ ಆದ ದಿನ ಆ ಫಂಡಿನಿಂದಲೇ ತಪ್ಪುಕಾಣಿಕೆ ಹಾಕ್ತೀನಿ,’ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು, ಗಟ್ಟಿಯಾಗಿ, “ಆರು ವರ್ಷದಿಂದ ಕುಡೀತಿದ್ದೆ. ಇನ್ನು ಮುಟ್ಟಲ್ಲ,” ಎಂದು ಕರ್ಪೂರದ ಮೇಲೆ ಕೈಯಿಟ್ಟ. ಜಯಶೀಲಾ ಅವನ ಕಾಲಿಗೆರಗಿ ಕಣ್ಣಿಗೊತ್ತಿಕೊಂಡಳು. ಅವನಿಗೆ ಏನೋ ಒಂದು ಬಗೆಯ ನೆಮ್ಮದಿಯೂ ಆಯಿತು. ಎಂಟು ದಿನದ ಶಿಬಿರ. ಹೊತ್ತು ಹೊತ್ತಿಗೆ ಊಟ, ಭಜನೆ, ಬೆಟ್ಟದ ಗಾಳಿ. ದುಡ್ಡು ಅಲ್ಲಿ ತಣ್ಣಗೆ ಬೆಳೆಯುತ್ತಿರುತ್ತದೆ.

“ಈಗ ಫೋನು ಕೊಡ್ರಿ,” ಎಂದರು ಮೇಷ್ಟ್ರು. “ಶಿಬಿರ ಮುಗಿಯೋ ತನಕ ಮನೆಯವರ ಹತ್ರ ಇರ್ತೈತೆ.” ಫೋನನ್ನು ಜಯಶೀಲಾಳ ಕೈಗಿತ್ತು ಮುಂದುವರಿಸಿದರು. “ಅಮ್ಮಾ, ಒಂದು ಕೆಲ್ಸ ಇವತ್ತೇ ಮಾಡ್ರಿ. ಮನಸ್ಸು ಕಟ್ಟೋಕೆ ನಾನಿದೀನಿ, ದುಡ್ಡಿನ ದಾರಿ ಕಟ್ಟೋದು ನಿಮ್ಮ ಕೆಲ್ಸ. ಖಾತೆ ಇಬ್ರ ಹೆಸರಾಗೂ ಐತಾ?”

“ಐತೆ.”

“ಹಂಗಾರೆ ಬ್ಯಾಂಕಿಗೆ ಹೋಗಿ ಆ ಐದು ಸಾವಿರ ಯಾವ ಅಂಗಡಿಗೆ ಹೋಗ್ತೈತೋ ವಿಚಾರಿಸಿ, ನಿಲ್ಲಿಸಿ ಬರ್ರಿ.”

ಪ್ರಭುಲಿಂಗ ಚಾಪೆಯಿಂದ ಚಂಗನೆ ಎದ್ದ. “ಬ್ಯಾಂಕ್ ಬ್ಯಾಡ! ಬ್ಯಾಂಕ್ ಒಂದು ಬ್ಯಾಡ!”

“ನೋಡಿದ್ರಾ? ಚಟ ಮಾತಾಡ್ತೈತೆ,” ಎಂದರು ಮೇಷ್ಟ್ರು.

ಜೀಪು ಹೊರಟಿತು. ಪ್ರಭುಲಿಂಗ ಹಿತ್ತಲ ಬಾಗಿಲಿಂದ ನುಗ್ಗಿ ಅದರ ಹಿಂದೆ ಓಡಿದ. ಅವನ ಹಿಂದೆ ಬಿಳಿ ಬನಿಯನ್ನಿನ ಹತ್ತು ಜನ ಓಡಿದರು. ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಅವನನ್ನು ಹಿಡಿದು, ಹೂವಿನ ಹಾಗೆ ಎತ್ತಿಕೊಂಡು ಬಂದರು. “ನಂದೂ ಮೊದಲ್ನೇ ದಿನ ಹಿಂಗೇ ಆಗಿತ್ತು,” ಎಂದು ಅವರಲ್ಲೊಬ್ಬ ಸಮಾಧಾನ ಹೇಳಿದ. “ನಾನಾದ್ರೆ ಸ್ಟೇಷನ್ ದಾಟಿ ಹೋಗಿದ್ದೆ.” ನೆತ್ತಿಗೆ ಹರಳೆಣ್ಣೆ ಹಾಕಿ ತ್ರಾಣವಿರುವವರೆಲ್ಲ ಸರದಿಯಲ್ಲಿ ತಟ್ಟಿದರು. ಮಜ್ಜಿಗೆ ಕುಡಿಸಿದರು. ಮತ್ತೆ ತಟ್ಟಿದರು.

ಎಣ್ಣೆ ಕಣ್ಣಿಗಿಳಿಯುತ್ತಿದ್ದಾಗ ಪ್ರಭುಲಿಂಗ ಮೇಷ್ಟ್ರ ಕೈ ಹಿಡಿದುಕೊಂಡು ನಿಜ ಹೇಳಿಬಿಟ್ಟ. “ಮೇಷ್ಟ್ರೇ, ನಾನು ಕುಡಿಯೋದೇ ಇಲ್ಲ. ಅದು ಮ್ಯೂಚುಯಲ್ ಫಂಡು. ವಯಸ್ಸಾದ ಕಾಲಕ್ಕೆ ಅಂತ ಕಟ್ತಿದ್ದೆ. ಸ್ಮಾಲು, ಲಾರ್ಜು ಎಲ್ಲ ಅದರ ಹೆಸರು.”

“ಹೌದೌದು,” ಎಂದು ಮೇಷ್ಟ್ರು ಬೆನ್ನು ಸವರಿದರು. “ನಿನ್ನೆ ಬಂದೋರು ಕೆಮ್ಮಿನ ಔಷಧಿ ಅಂದ್ರು. ಅದಕ್ಕಿಂತ ನಿಮ್ಮದು ಚೆನ್ನಾಗೈತೆ. ಮಲಗ್ರಿ.”

ಸಂಜೆ ಭಜನೆ ನಡೆಯುತ್ತಿರುವಾಗ ಜೀಪು ವಾಪಸು ಬಂತು. ಮೂವರೂ ಇಳಿದರು. ಬೆಳಗಿನ ಮುಖಗಳಲ್ಲ ಅವು. ಜಯಶೀಲಾ ಮುಡಿತುಂಬ ಮಲ್ಲಿಗೆ ಮುಡಿದಿದ್ದಳು. ಓಬಣ್ಣನ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ. ಹೇಮಾವತಿಯೊಬ್ಬಳು ಮಾತ್ರ ಸ್ವಲ್ಪ ಬಿಗಿಯಾಗಿದ್ದಳು. ಬ್ಯಾಂಕಿನ ಮೇಡಂ ಎಂ.ಎಫ್ ಎಂದರೆ ಏನೆಂದು ನಾಲ್ಕು ಜನರ ಎದುರಿಗೆ ಬಿಡಿಸಿ ಹೇಳಿದ್ದರು.

“ಎಂಥ ಗಂಡನ್ನ ಅನುಮಾನ ಪಟ್ಟೆನ್ರಿ ನಾನು!” ಎಂದು ಜಯಶೀಲಾ ಅವನ ಎಣ್ಣೆಗೈಯನ್ನೇ ಹಿಡಿದುಕೊಂಡಳು. “ಮೇಡಂ ಎಲ್ಲಾ ಹೇಳಿದ್ರು. ಆಮೇಲೆ ನಿಮ್ಮ ಫೋನಿನಿಂದಲೇ ಆ ಚೇತನ್‌ಕುಮಾರ್‌ಗೆ ಮಾಡಿದ್ವಿ. ಐದು ಲಕ್ಷದ ಮ್ಯಾಲೆ ಆಗೈತಂತೆ! ನಾಮಿನಿ ಅಂತ ನನ್ನ ಹೆಸರೇ ಬರೆಸೀರಂತೆ!”

ಪ್ರಭುಲಿಂಗ ಇನ್ನೊಂದು ಕೈಯಿಂದ ಕಣ್ಣಿಗಿಳಿದ ಎಣ್ಣೆ ಒರೆಸಿಕೊಂಡ. ಗುಟ್ಟೇನೋ ಹೋಯಿತು, ಹೋಗಲಿ. ಹೆಂಡತಿ ಹೀಗೆ ಕೈ ಹಿಡಿದು ನೋಡಿದ್ದು ಬಹಳ ದಿನವಾಗಿತ್ತು.

“ತಿಂಗಳ ಐದು ಸಾವಿರ?” ಎಂದು ಮೆಲ್ಲಗೆ ಕೇಳಿದ.

“ಅದನ್ನ ನಿಲ್ಲಿಸಿಬಿಟ್ವಿ. ಅರ್ಜಿ ಬರೆದಿದ್ದು ಮುಗಿದಿತ್ತು, ಮತ್ಯಾಕೆ ಹರಿಯೋದು ಅಂತ ಕೊಟ್ಟೇ ಬಂದ್ವಿ.”

“ಹಿಂಡಿಗೆ ಅಡ್ವಾನ್ಸೂ ಹೇಳೀನಿ ಭಾವ,” ಎಂದ ಓಬಣ್ಣ. “ಆ ದುಡ್ಡು ತೆಗೆಯೋಕೆ ನಿಮ್ಮ ಫೋನಿಗೆ ಏನೋ ನಂಬರ್ ಬರ್ತೈತಂತೆ. ಫೋನು ಅಕ್ಕನತ್ರಾನೇ ಐತಲ್ಲ, ನಿಮಗೆ ತೊಂದ್ರೆ ಇಲ್ಲ.”

“ಕುರಿ ಆಗಿ ಉಳಿದಿದ್ರಾಗೆ ಮ್ಯಾಲಿನ ಅಂತಸ್ತು,” ಎಂದಳು ಜಯಶೀಲಾ.

ಪ್ರಭುಲಿಂಗ ಕಣ್ಣು ಮುಚ್ಚಿ ತೆರೆದ. ಹಣದ ಕತೆ ಮನೆಗೆ ಹೋದ ಮೇಲೆ ನೋಡಿಕೊಂಡರಾಯಿತು. ಮರ್ಯಾದೆಯಾದರೂ ವಾಪಸು ಬಂತಲ್ಲ. ಚಾಪೆ ಸುತ್ತಿಟ್ಟು, ಮದ್ದಿನ ಪೆಟ್ಟಿಗೆ ಕೈಗೆತ್ತಿಕೊಂಡು, “ಹಂಗಾರೆ ಹೋಗಾಣ ನಡೀರಿ,” ಎಂದ.

ಯಾರೂ ಅಲುಗಲಿಲ್ಲ.

“ಎಲ್ಲಿಗೆ?” ಎಂದಳು ಜಯಶೀಲಾ.

“ಮನೆಗೆ. ಗೊತ್ತಾಯ್ತಲ್ಲ, ಆ ದುಡ್ಡು ಕುಡಿತಕ್ಕೆ ಹೋಗಿಲ್ಲ ಅಂತ.”

“ಆ ದುಡ್ಡು ಹೋಗಿಲ್ಲ, ಸರಿ,” ಎಂದು ಹೇಮಾವತಿ ಬಾಯಿಬಿಟ್ಟಳು. ಬ್ಯಾಂಕಿನಲ್ಲಿ ಕಳೆದುಕೊಂಡಿದ್ದನ್ನು ಅವಳು ಇಲ್ಲಿ ಹಿಂದಕ್ಕೆ ಪಡೆಯುತ್ತಿದ್ದಳು. “ಹಂಗಾರೆ ಕುಡಿದಿದ್ದು ಯಾವ ದುಡ್ಡು?”

“ನಾನು ಕುಡಿದೇ ಇಲ್ಲ ಕಣ್ರಿ! ಸುಮ್ನೆ ಸುಳ್ಳು ಹೇಳ್ದೆ!”

“ಕರ್ಪೂರದ ಮ್ಯಾಲೆ ಕೈಯಿಟ್ಟು?” ಜಯಶೀಲಾ ಅವನ ಕೈಯನ್ನು ಇನ್ನೂ ಪ್ರೀತಿಯಿಂದ ಒತ್ತಿದಳು. “ನಿಮ್ಮನ್ನ ನಾನು ಕಾಣೆನಾ? ಮನೆದೇವ್ರ ಹೆಸರಾಗೆ ಸುಳ್ಳು ಹೇಳೋಷ್ಟು ಕೆಟ್ಟೋರಲ್ಲ ನೀವು. ಕುಡೀತೀರಿ, ಅಷ್ಟೇ.”

“ಅಯ್ಯೋ, ಕೇಳಿಲ್ಲಿ...”

“ನೀವು ಕೇಳ್ರಿ. ಕುಡ್ಕಂಡೇ ಇಷ್ಟು ಉಳಿಸೀರಿ. ಬಿಟ್ರೆ ಇನ್ನೆಷ್ಟು ಉಳೀತೈತೋ! ಎಂಟು ದಿನಾನೂ ಪೂರ್ತಿ ಮುಗಿಸ್ಕಂಡೇ ಬರ್ರಿ.”

“ಇನ್ನೊಂದು ಹಿಂಡು ಆಗ್ತೈತೆ ಭಾವ,” ಎಂದು ಓಬಣ್ಣ ಅವನ ಬೆನ್ನು ತಟ್ಟಿದ.

ಮೂವರೂ ಮೇಷ್ಟ್ರಿಗೆ ಕೈಮುಗಿದು, ಏನೋ ಲೆಕ್ಕ ಹಾಕುತ್ತ, ಗಟ್ಟಿಯಾಗಿ ನಗುತ್ತ ಜೀಪು ಹತ್ತಿದರು. ಬೆಟ್ಟದ ತಿರುವಿನವರೆಗೂ ಆ ನಗು ಕೇಳುತ್ತಿತ್ತು.

ತಿಪ್ಪಯ್ಯ ಮೇಷ್ಟ್ರು ಬಂದು ಪ್ರಭುಲಿಂಗನ ಚಾಪೆಯನ್ನು ಮತ್ತೆ ಬಿಡಿಸಿ ಹಾಸಿ, ಅವನ ಪಕ್ಕ ಕೂತರು. “ಇಷ್ಟು ವರ್ಷ ಶಿಬಿರ ನಡ್ಸೀನಿ. ಇಲ್ಲಿ ಸೇರಿಸಿ ಹೋಗೋ ಮನೆಯವರು ಅತ್ಕಂಡೇ ಹೋಗ್ತಾರೆ,” ಎಂದರು. “ನಗ್ತಾ ಹೋದೋರು ನಿಮ್ಮೋರೇ ಮೊದಲು. ಅವರಿಗೆ ಅಂಥದ್ದೇನು ಮಾಡಿದ್ರಿ ನೀವು?”

“ಉಳಿತಾಯ,” ಎಂದ ಪ್ರಭುಲಿಂಗ.

ಮೇಷ್ಟ್ರು ಅವನ ಮುಖವನ್ನು ದೀಪದ ಬೆಳಕಿಗೆ ತಿರುಗಿಸಿ, ಕಣ್ಣು ಅಗಲಿಸಿ ನೋಡಿದರು. ಆಮೇಲೆ ಅಡಿಗೆಯವರತ್ತ ತಿರುಗಿ, “ಇವರಿಗೆ ಇನ್ನೂ ಇಳಿದಿಲ್ಲ, ಇನ್ನೊಂದು ಲೋಟ ಮಜ್ಜಿಗೆ ತರ್ರಪ್ಪ,” ಎಂದರು.